ಅಕ್ಕನ ಮೊದಲ ಬಿಲ್ಲು

ಕಳೆದ ವಾರ ಈ ಪರದೇಶದ ನಮ್ಮ ಊರು ಮುಕಿಲ್ಟಿಯೊದ ಕಡಲದಡದ ಸಂತೆಯಲ್ಲಿ ಒಬ್ಬಾಕೆ ಜೇನುಮೇಣದ ಬತ್ತಿಗಳನ್ನು ಮಾರುತ್ತಿದ್ದಳು. ದೇವರ ಮುಂದೆ ಹಚ್ಚಲು ಆದೀತೇ ಎಂದು ಒಂದನ್ನು ಎತ್ತಿ ಮೂಸಿದೆ. ಮೂಸಿದವಳು ಅಲ್ಲೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಅಕ್ಕ ಬಿಲ್ಲಿನ ಹೆದೆಗೆ ತಿಕ್ಕುತ್ತಿದ್ದ ಮೇಣದ ವಾಸನೆ ಅದು. ಸಂಜೆ ಗ್ಯಾರೇಜಿನ ಬಾಗಿಲೆತ್ತಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಹೆದೆಯನ್ನು ಎರಡು ಬೆರಳ ನಡುವೆ ಹಿಡಿದು ಬಿಸಿಯಾಗುವವರೆಗೂ ಉಜ್ಜುತ್ತಿದ್ದರು... ಬತ್ತಿಯನ್ನು ಕೊಳ್ಳದೆ ಕೆಳಗಿಟ್ಟು ಬಂದೆ.

ಅಕ್ಕ ನಮ್ಮ ಪಕ್ಕದಲ್ಲಿ ಏಳು ವರ್ಷ ಇದ್ದರು. ಪಿರಿಯಾಪಟ್ಟಣದ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ಅಕ್ಕ. ಅವರ ಯಜಮಾನರೂ ನಮ್ಮವರೂ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರುಗಳು. ನಮ್ಮದು ಮೈಸೂರಿನ ಮಡಿಯ ಮನೆ, ಅವರಲ್ಲಿ ಭಾನುವಾರವೆಂದರೆ ಕೋಳಿಸಾರು. ಆದರೂ ನಡುವಿನ ಬೇಲಿಯ ಬಾಗಿಲಿಗೆ ಚಿಲಕ ಹಾಕಿದ್ದೇ ನೆನಪಿಲ್ಲ. ಗುರುತಿಲ್ಲದ ದೇಶದಲ್ಲಿ ಗೋಡೆಯಾಚೆ ಕನ್ನಡ ಕೇಳಿಸುವುದು ಅಂದರೆ ಕಡಿಮೆಯೇ? ರಾಯರ ದಯೆ ಎಂದು ದಿನವೂ ಕೈಮುಗಿಯುತ್ತಿದ್ದೆ.

ಕೈಮುಗಿಯುತ್ತಲೇ ಹೊಟ್ಟೆಕಿಚ್ಚೂ ಪಡುತ್ತಿದ್ದೆ. ಮುಚ್ಚಿಟ್ಟು ಏನು ಪ್ರಯೋಜನ. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ನಾನು ಬೆಳಗ್ಗೆಯಿಂದ ನಿಂತು ಸಜ್ಜಿಗೆ ಕೆದಕಿರುತ್ತಿದ್ದೆ. ಅಕ್ಕ ಮಂಗಳಾರತಿಯ ಹೊತ್ತಿಗೆ ಬಂದು ಒಂದು ನಗು ನಕ್ಕರೆ ಎಲ್ಲರೂ ಅವರ ಸುತ್ತ. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಬೇಲಿಯಾಚೆ ಹೋಗಿ, ತೊದಲುತ್ತಾ, "ದೊಡ್ಡಮ್ಮಾ, ನಂಗೂ ಮುದ್ದೆ ಬೇಕು" ಎನ್ನುತ್ತಿದ್ದಳು. ಆ ಮಾತು ನನ್ನ ಅಡುಗೆಮನೆಯ ಕಿಟಕಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಅಂಥ ಅಕ್ಕ ಒಂದು ದಿನ ಬಿಲ್ಲು ಕಲಿಯುತ್ತೇನೆ ಎಂದರು. ಅವರ ತಾತ ಬೇಟೆಗೆ ಹೋಗುತ್ತಿದ್ದರಂತೆ. ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿರಲಿಲ್ಲವಂತೆ. ಮೊದಲು ಗುರಿಗೆ ಹೊಡೆಯುವುದು, ಕೈ ಕುದುರಿದ ಮೇಲೆ ಒಂದು ಸಲವಾದರೂ ಜಿಂಕೆ ಬೇಟೆಗೆ ಹೋಗುವುದು, ಇದು ಅವರ ಲೆಕ್ಕಾಚಾರ. ನಮ್ಮವರು ಕಾಫಿ ಕುಡಿಯುತ್ತಾ, "ನೋಡೇ, ಈ ವಯಸ್ಸಲ್ಲಿ ಎಂಥ ಹುಮ್ಮಸ್ಸು ಅವರಿಗೆ!" ಎಂದರು. ನಾನು ಈಜು ಕಲಿಯುತ್ತೇನೆ ಎಂದಾಗ "ಈಗ್ಯಾಕೆ ಅದೆಲ್ಲ" ಎಂದಿದ್ದ ಮನುಷ್ಯ ಇವರೇ.

ಬಿಲ್ಲು ಆರಿಸಲು ಅಕ್ಕ ನನ್ನನ್ನೇ ಕರೆದರು. ಹೆದ್ದಾರಿಯ ಪಕ್ಕದ ಅಂಗಡಿ. ಅಂಗಡಿಯಾತ ಎಪ್ಪತ್ತರ ಹತ್ತಿರದ ಬಿಳಿಗಡ್ಡದ ಮನುಷ್ಯ, ಅವನ ಮಾತು ಗಡ್ಡದಿಂದ ಈಚೆಗೇ ಬರುತ್ತಿರಲಿಲ್ಲ. ಅಕ್ಕನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ನಿಧಾನವಾಗಿ ಆಡಿದರೆ ತಿಳಿಯುತ್ತಲೂ ಇತ್ತು. ಇವನದು ಮಾತ್ರ ಒಂದಕ್ಷರ ಹತ್ತಲಿಲ್ಲ.

"ನೀನೇ ಕೇಳಿ ಹೇಳು ಕಣವ್ವ, ಅದೇನ್ ಗೊಣಗ್ತಾವ್ನೋ" ಎಂದು ನನ್ನನ್ನು ಮುಂದಕ್ಕೆ ತಳ್ಳಿದರು.

ಗೋಡೆಯ ಮೇಲೆ ಕ್ರಾಸ್‌ಬೋ ತೂಗುಹಾಕಿತ್ತು. ಬಂದೂಕಿಗೆ ಅಡ್ಡಲಾಗಿ ಬಿಲ್ಲು ಕಟ್ಟಿದಂಥದ್ದು. ಒಮ್ಮೆ ಹೆದೆ ಎಳೆದು ಸಿಕ್ಕಿಸಿದರೆ ಅದೇ ಹಿಡಿದುಕೊಳ್ಳುತ್ತದೆ, ಬಂದೂಕಿನ ಹಾಗೆ ಕುದುರೆ ಒತ್ತಿದರಾಯಿತು, ಬೇಗ ಕಲಿಯಬಹುದು ಎಂದ. ಹೇಳಿದೆ. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ನಾನ್ಯಾಕೆ? ಅದೇ ಕಾಡಿಗ್ ಹೋಗಿ ಹೊಡ್ಕೊಂಡ್ ಬರ್ಲಿ" ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮುದುಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಾತು ನನ್ನ ಬಾಯಿಂದಲೇ ಬಂದರೂ ನಗು ಹೋದದ್ದು ಅಕ್ಕನಿಗೆ.

ಆಮೇಲೆ ಅವನು ಗಾಲಿಗಳಿರುವ ಬಿಲ್ಲುಗಳನ್ನೂ ಪಕ್ಕಕ್ಕಿಟ್ಟು ಸಾದಾ ಮರದ ಬಿಲ್ಲು ತೋರಿಸಿದ. ಮೊದಲ ಬಿಲ್ಲು ಹಗುರವಾಗಿರಬೇಕು, ಹೆದೆಯ ಎಳೆತ ಇಪ್ಪತ್ತೈದು ಪೌಂಡು ಸಾಕು. ಬೇಟೆಗೆ ಕಾನೂನಿನಂತೆ ನಲವತ್ತಾದರೂ ಬೇಕು, ಆದರೆ ಮೊದಲೇ ಅಷ್ಟು ಭಾರಕ್ಕೆ ಹೋದವರು ಭುಜ ಕೆಡಿಸಿಕೊಂಡು ಬಿಟ್ಟುಬಿಡುತ್ತಾರೆ. ಇದರ ತೋಳುಗಳನ್ನು, ಅಂದರೆ ಹಿಡಿಯ ಮೇಲೆ ಕೆಳಗೆ ಬಾಗುವ ಎರಡು ಭಾಗಗಳನ್ನು, ಬಿಚ್ಚಿ, ಕೈ ಬಲಿತ ಹಾಗೆ ಬಿಗಿಯಾದವನ್ನು ಹಾಕಿಕೊಳ್ಳಬಹುದು. ಇಷ್ಟನ್ನೂ ಒಂದಕ್ಷರ ಬಿಡದೆ ಹೇಳಿದೆ. ಅಕ್ಕ ಎರಡೂ ತೋಳು ಚಾಚಿ ನಿಂತು ಅಳತೆ ಕೊಟ್ಟರು.

ಕೊನೆಗೆ ಕಣ್ಣಿನ ಪರೀಕ್ಷೆ. ಕೈಗಳನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅವನ ಮೂಗನ್ನು ನೋಡಬೇಕು. ಕಿಂಡಿಯಲ್ಲಿ ಅವನಿಗೆ ಯಾವ ಕಣ್ಣು ಕಾಣುತ್ತದೋ ಅದು ನಮ್ಮ ಗುರಿ ಹಿಡಿಯುವ ಕಣ್ಣು. ತಮಾಷೆಗೆ ನನ್ನನ್ನೂ ನಿಲ್ಲಿಸಿದ. ನನ್ನದು ಬಲಗಣ್ಣು. ಅಕ್ಕನದು ಎಡಗಣ್ಣು. ಅಕ್ಕನ ಕೈಗೆ ಒಂದು ಹಳೇ ಬಿಲ್ಲು ಕೊಟ್ಟು ಎಳೆಯಲು ಹೇಳಿ, ಹಿಂದೆ ನಿಂತು ನೋಡಿದ. ನೋಡಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: ಈಕೆಯ ಬೆನ್ನು ಬಿಲ್ಲಿಗೆಂದೇ ಮಾಡಿದ್ದು, ಇಂಥದ್ದನ್ನು ನಾನು ನೋಡಿರುವುದು ಬಹಳ ಕಡಿಮೆ. ಆದರೆ ಕಣ್ಣು ಎಡದ್ದು. ಎಡಗೈಯವರ ಬಿಲ್ಲು ತೆಗೆದುಕೊಂಡು ಎಡಗೈಯಲ್ಲಿ ಹೆದೆ ಎಳೆಯುವುದು ಒಳ್ಳೆಯದು. ಬಲಗೈಯೇ ಬೇಕೆಂದರೆ ಎಡಗಣ್ಣನ್ನು ಮುಚ್ಚಿ ಹೊಡೆಯಬೇಕಾಗುತ್ತದೆ. ಯಾವುದು ಬೇಕೋ ಕೇಳು.

"ಏನಂತೆ?" ಎಂದರು ಅಕ್ಕ.

ಆ ಹೊಗಳಿಕೆಯನ್ನು ನನ್ನ ಬಾಯಿಂದ ಹೇಳಲು ನನಗೆ ಆಗಲಿಲ್ಲ. ನುಂಗಬೇಕೆಂದುಕೊಂಡದ್ದು ಅದೊಂದನ್ನೇ. ಅದರ ಜೊತೆಗೆ ಮಿಕ್ಕದ್ದೂ ಒಳಗೆ ಹೋಯಿತು.

"ಯಾವ ಕೈ ಅಭ್ಯಾಸ ಅಂತ ಕೇಳ್ತಿದಾರೆ ಅಕ್ಕ" ಎಂದೆ.

"ಇದೂ ಒಂದ್ ಕೇಳೋ ಮಾತಾ? ಮುದ್ದೆ ಮುರಿಯೋ ಕೈ ಯಾವ್ದು? ಬಲಗೈ ಅನ್ನು."

ಬಲಗೈ ಎನ್ನುತ್ತಾರೆ ಎಂದೆ. ಮುದುಕ ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿ ಬಲಗೈಯವರ ಬಿಲ್ಲನ್ನು ಇಳಿಸಿಕೊಟ್ಟ. ನಾನು ಸುಳ್ಳು ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಆಯುಧವನ್ನು ಬಲಗೈಯಲ್ಲಿ ನಡೆಸುವುದೇ ಶ್ರೇಯಸ್ಸು ಎಂದೂ ಹೇಳಿಕೊಂಡೆ. ಮನೆಗೆ ಬಂದದ್ದೇ ಅಕ್ಕ ಬಿಲ್ಲನ್ನು ನನ್ನ ದೇವರ ಮುಂದೆ ಇಟ್ಟು, "ನೀನೇ ಕುಂಕುಮ ಇಕ್ಕೊಡವ್ವ, ನಿನ್ ಕೈ ಶುದ್ಧವಾದ್ ಕೈ" ಎಂದರು. ಇಟ್ಟುಕೊಟ್ಟೆ.

ಆ ಬೇಸಿಗೆಯೆಲ್ಲ ಅಕ್ಕನ ಬಾಣಗಳು ಗುರಿಯ ಎಡಕ್ಕೇ ಹೋದವು. ಕಾಡಂಚಿನ ಬಯಲಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ನಾನು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬೆಂಚಿನ ಮೇಲೆ ಕೂರುತ್ತಿದ್ದೆ. ಅಕ್ಕ ಹುಲ್ಲಿನಲ್ಲಿ ಬಾಣ ಹುಡುಕಿ ಬಂದು, "ನನ್ ಕೈಯೇ ಸೊಟ್ಟ ಕಣವ್ವ" ಎನ್ನುತ್ತಿದ್ದರು. "ಅಭ್ಯಾಸ ಆಗುತ್ತೆ ಬಿಡಿ ಅಕ್ಕ" ಎನ್ನುತ್ತಿದ್ದೆ. ಎಲ್ಲದರಲ್ಲೂ ಗೆಲ್ಲುವವರು ಇದೊಂದರಲ್ಲಿ ಸೋಲುವುದನ್ನು ನೋಡಿ ಹೊಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ನನ್ನ ಮಗಳು ಎರಡು ಸಲ ಜೊತೆಗೆ ಬಂದು ಮೂರನೆಯ ಸಲ ಬರಲಿಲ್ಲ. ಅದಕ್ಕೂ ತಣ್ಣಗಾಯಿತು.

ಬೇಟೆಯ ಕಾಲ ಹತ್ತಿರ ಬಂದಾಗ ನನಗೆ ಹೆದರಿಕೆ ಹತ್ತಿತು. ಅಕ್ಕ ಪಟ್ಟು ಹಿಡಿದು ಬಿಗಿ ತೋಳುಗಳನ್ನು ಹಾಕಿಸಿದ್ದರು, ಪರವಾನಗಿಯನ್ನೂ ಪಡೆದಿದ್ದರು. ಯಜಮಾನರ ಆಫೀಸಿನ ಒಂದು ಕುಟುಂಬದ ಜೊತೆ ಹೋಗುವುದೆಂದು ನಿಶ್ಚಯವಾಗಿತ್ತು. ಬಾಣ ಎಡಕ್ಕೆ ಸರಿದು ಜಿಂಕೆಯ ತೊಡೆಗೆ ಚುಚ್ಚಿ, ಅದು ಕುಂಟುತ್ತಾ ಪೊದೆಯೊಳಗೆ ನುಗ್ಗಿ ಎಲ್ಲೋ ಬಿದ್ದು ನರಳಿದರೆ ಆ ಪಾಪ ಯಾರ ತಲೆಗೆ? ಮಾಂಸವನ್ನೇ ಮುಟ್ಟದ ನನ್ನ ತಲೆಗೆ. ದಿನವೂ ದೀಪ ಹಚ್ಚುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬೇಲಿಯವರೆಗೂ ಹೋಗುತ್ತಿದ್ದೆ. ಕೊತ್ತಂಬರಿ ಸೊಪ್ಪು ಇದೆಯಾ ಎಂದು ಕೇಳಿ ವಾಪಸ್ಸು ಬರುತ್ತಿದ್ದೆ...

ಹೊರಡುವ ಹಿಂದಿನ ವಾರ ಅಕ್ಕ ಬಯಲಿನಲ್ಲಿ ಊಟದ ಕಾಗದದ ತಟ್ಟೆಯೊಂದನ್ನು ಗುರಿಯ ಮೇಲೆ ಸಿಕ್ಕಿಸಿದರು. ಇಪ್ಪತ್ತು ಗಜ ದೂರದಿಂದ ಆರು ಬಾಣ. ಒಂದು ತಟ್ಟೆಯ ಅಂಚನ್ನು ಹರಿಯಿತು. ಐದು ಎಡಕ್ಕೆ. ಅಕ್ಕ ತಟ್ಟೆಯನ್ನು ಕಿತ್ತು ತಂದು ನನ್ನ ಮುಂದೆ ಹಿಡಿದರು.

"ತಟ್ಟೆಗೆ ಹೊಡೆಯಕ್ಕೆ ಬರ್ದೋಳು ಜೀವದ್ ಮೇಲೆ ಹೊಡಿಬಾರ್ದು. ನಾನ್ ಹೋಗಾಕಿಲ್ಲ."

ದೇವರು ಜಿಂಕೆಯನ್ನೂ ನನ್ನನ್ನೂ ಕಾಪಾಡಿದ ಎಂದುಕೊಂಡೆ.

ಬಿಲ್ಲು ಚಳಿಗಾಲವೆಲ್ಲ ಗ್ಯಾರೇಜಿನ ಮೊಳೆಗೆ ನೇತಾಡಿತು. ಮಾರ್ಚಿನಲ್ಲಿ ಅವರ ಮಗಳು ರಜೆಗೆಂದು ಕಾಲೇಜಿನಿಂದ ಬಂದಿದ್ದಳು. ಬಿಲ್ಲನ್ನು ವಾಪಸ್ಸು ಕೊಟ್ಟುಬಿಡೋಣವೆಂದು ಅವಳನ್ನು ಕರೆದುಕೊಂಡು ಅಂಗಡಿಗೆ ಹೋದರು. ನನ್ನನ್ನು ಕರೆಯಲಿಲ್ಲ, ನಾನು ಅವತ್ತು ಉಪವಾಸವಿದ್ದೆ. ಸಂಜೆ ಬೇಲಿಯ ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದಾಗ ಕೈಯಲ್ಲಿ ಬೇರೆ ಬಿಲ್ಲಿತ್ತು, ಎಡಗೈಯವರದು. ನೋಡಿದ ಕೂಡಲೇ ನನಗೆ ತಿಳಿಯಿತು.

ಕಾಫಿ ಕೊಟ್ಟೆ. ಲೋಟವನ್ನೇ ನೋಡುತ್ತಾ ಹೇಳಿದರು: "ಆ ಗಡ್ಡದಯ್ಯ ಅವತ್ತೇ ಹೇಳಿದ್ನಂತೆ, ಇವಳ್ದು ಎಡಗಣ್ಣು ಅಂತ. ಅವನೋ ಒಂದ್ ರಾಶಿ ಹೇಳ್ದ. ಅಷ್ಟ್ರಲ್ಲಿ ನಿಂಗೆ ಒಂದ್ ಮರ್ತೋಗಿರ್ತದೆ. ಅಲ್ವಾ?"

"ಹೂಂ ಅಕ್ಕ. ಮರೆತೇಹೋಯ್ತು."

"ಬುಡು. ಬಾ, ಇದಕ್ಕೂ ಕುಂಕುಮ ಇಕ್ಕೊಡು."

ಅವರಿಗೆ ಗೊತ್ತಿತ್ತು. ಮುದುಕ ಹೊಗಳಿದ್ದನ್ನೂ ಅವರ ಮಗಳು ಹೇಳಿರಲೇಬೇಕು, ಅದನ್ನು ಮಾತ್ರ ಅಕ್ಕ ನನ್ನ ಮುಂದೆ ಎತ್ತಲಿಲ್ಲ. ತಾವೇ ಒಂದು ನೆಪ ತಂದು ನನ್ನ ಕೈಗಿಟ್ಟರು, ನಾನು ತೆಗೆದುಕೊಂಡೆ. ಕುಂಕುಮ ಇಡುವಾಗ ಬೆರಳು ಜಾರಿ ಮರದ ಮೇಲೆ ಉದ್ದಕ್ಕೆ ಎಳೆದುಹೋಯಿತು. "ಚೆನ್ನಾಗದೆ, ಇರ್ಲಿ" ಎಂದರು.

ಆ ವರ್ಷ ಜೂನ್ ಮುಗಿಯುವ ಮೊದಲೇ ಅಕ್ಕನ ಆರೂ ಬಾಣಗಳು ತಟ್ಟೆಯೊಳಗೆ ಬೀಳುತ್ತಿದ್ದವು. ನನ್ನ ಮಗಳು ಮತ್ತೆ ಬಯಲಿಗೆ ಬರತೊಡಗಿದಳು. ಶರತ್ಕಾಲದಲ್ಲಿ ಅಕ್ಕ ಬೇಟೆಗೆ ಹೋದರು. ಮೂರು ದಿನ ಮಂಜಿನಲ್ಲಿ ಕುಳಿತು, ಒಂದೇ ಬಾಣ ಬಿಟ್ಟು, ಒಂದು ಜಿಂಕೆ ತಂದರು. ವಾಪಸ್ಸು ಬಂದವರು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಆಮೇಲೇ ನನ್ನ ಮನೆಯ ಹೊಸ್ತಿಲು ತುಳಿದರು. ನನಗೆ ಹಿತ್ತಲ ಟೊಮೇಟೊ ತಂದಿದ್ದರು. ಬೇಟೆಯ ಮಾತು ಎತ್ತಲಿಲ್ಲ. ನಮ್ಮವರು ಕೇಳಿದರೂ, "ಇವ್ಳ್ ಮುಂದೆ ಬ್ಯಾಡ, ಊಟ ಸೇರಾಕಿಲ್ಲ ಅವ್ಳಿಗೆ" ಎಂದರು. ಅದನ್ನು ಕಂಡಾಗ ಕಿಚ್ಚು ಆರಬೇಕಿತ್ತು. ಆರಲಿಲ್ಲ, ಇನ್ನೂ ಎದ್ದಿತು. ಬಿಲ್ಲನ್ನಾದರೆ ನಾನೂ ಕಲಿಯಬಹುದಿತ್ತೇನೋ, ಆ ಮನಸ್ಸನ್ನು ಯಾವ ಅಂಗಡಿಯಲ್ಲಿ ಹುಡುಕಲಿ?

ಎರಡು ವರ್ಷದ ಮೇಲೆ ಅವರು ಮಗಳ ಊರಿಗೆ, ಬೇರೆ ರಾಜ್ಯಕ್ಕೆ ಹೋದರು. ಮೊದಮೊದಲು ಅಕ್ಕ ಫೋನ್ ಮಾಡುತ್ತಿದ್ದರು. ನಾನು ಆಮೇಲೆ ಮಾಡುತ್ತೇನೆ ಎಂದು ಬಿಡುತ್ತಿದ್ದೆ. ಹಾಗೆ ಬಿಟ್ಟ ಫೋನುಗಳು ಎಷ್ಟೋ... ಈ ಸಲದ ಯುಗಾದಿಗೆ ಮೊದಲು ಸುದ್ದಿ ಬಂತು. ಅಕ್ಕ ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಷ್ಟಾದರೂ ದಯೆ ತೋರಿದ ಭಗವಂತ. ಇಲ್ಲಿನ ಕನ್ನಡದವರ ಫೋನ್ ಗುಂಪಿನಲ್ಲಿ ಎಲ್ಲರೂ "ಓಂ ಶಾಂತಿ" ಎಂದು ಹಾಕಿದರು. ನಾನೂ ಅದನ್ನೇ ಹಾಕಿದೆ.

ಸಂತೆಯಿಂದ ಬಂದ ಮಧ್ಯಾಹ್ನ ತಡೆಯಲಾಗದೆ ಅವರ ಮಗಳಿಗೆ ಫೋನ್ ಮಾಡಿದೆ. ತಾಯಿಗೆ ಹೇಳದ್ದನ್ನು ಮಗಳಿಗಾದರೂ ಹೇಳೋಣ, ಬೈದರೆ ಬೈಯಲಿ ಎಂದು. ಬೇಕೆಂದೇ ಹೇಳಲಿಲ್ಲಮ್ಮ, ಮರೆತದ್ದಲ್ಲ. ಈ ಒಂದು ಮಾತನ್ನು ಪಾತ್ರೆ ತೊಳೆಯುತ್ತಾ ಹತ್ತು ಸಲ ಆಡಿ ನೋಡಿಕೊಂಡಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಆಂಟಿ, ಅಮ್ಮ ಇಲ್ಲಿ ಎಲ್ಲರ ಹತ್ರಾನೂ ನಿಮ್ ಬಗ್ಗೆ ಹೇಳ್ತಿದ್ರು. ಅವತ್ತು ಅವ್ಳು ಜೊತೆಗೆ ಬಂದಿಲ್ದಿದ್ರೆ ನಾನು ಅಂಗಡಿ ಬಾಗಿಲಲ್ಲೇ ವಾಪಸ್ ಬರ್ತಿದ್ದೆ ಅಂತ. ಯು ನೋ, ಶಿ ವಾಸ್ ಸೋ ಪ್ರೌಡ್ ಆಫ್ ಯು."

"ಹೌದಮ್ಮ" ಎಂದೆ. "ಜೊತೆಗೆ ಹೋಗಿದ್ದೆ."

ಆಮೇಲೆ ಅವಳು ಅತ್ತಳು, ಬಾಯಿಬಿಟ್ಟು, ಮಗುವಿನ ಹಾಗೆ. ತಾಯಿಯನ್ನು ನೆನೆದು ಹಾಗೆ ಅಳಲು ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಹನಿ ನೀರೂ ಬಾರದ ಕಣ್ಣಲ್ಲಿ ಕೇಳುತ್ತಾ ನಿಂತೆ. ದೇವರಾಣೆ, ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.