ಸೀಟಿಗಾಗಿ ಉಲ್ಟಾ ಹತ್ತಿದ ಭಾನುವಾರ

ಡೊಂಬಿವಲಿಯ ನಮ್ಮ ಮನೆಯಲ್ಲಿ ದೇವರ ಫೋಟೋಗಳಿಗಿಂತ ಹೆಚ್ಚು ಜೋಪಾನವಾಗಿ ಇಟ್ಟ ವಸ್ತುವೊಂದಿತ್ತು. ಅದು ನೀಲಿ ಬಣ್ಣದ ಒಂದು ಫೈಲು. ಒಳಗಿನ ಪ್ಲಾಸ್ಟಿಕ್ ಹಾಳೆಗಳಲ್ಲಿ ನನ್ನ ಮಗಳ ಸರ್ಟಿಫಿಕೇಟುಗಳಿದ್ದವು. ಅಬ್ಯಾಕಸ್ ಮೂರನೇ ಹಂತ, ಸುಂದರ ಕೈಬರಹ, ನೆನಪಿನ ಶಕ್ತಿ, ನಾಯಕತ್ವ, ಪ್ರಥಮ ಚಿಕಿತ್ಸೆ, ವಾಶಿಯಲ್ಲಿ ಎರಡು ದಿನ ನಡೆದ ರೋಬೋಟ್ ಶಿಬಿರ. ನಾಯಕತ್ವದ ಶಿಬಿರದಲ್ಲಿ ಅವಳು ಮೂಲೆಯ ಕುರ್ಚಿ ಹಿಡಿದು ಕೂತವಳು ಊಟದ ಹೊತ್ತಿನವರೆಗೆ ಒಂದು ಮಾತೂ ಆಡಿರಲಿಲ್ಲ. ನೆನಪಿನ ಶಕ್ತಿಯ ಶಿಬಿರದಿಂದ ಬರುವಾಗ ನೀರಿನ ಬಾಟಲಿ ಅಲ್ಲೇ ಮರೆತು ಬಂದಿದ್ದಳು. ಆದರೂ ಸರ್ಟಿಫಿಕೇಟು ಸರ್ಟಿಫಿಕೇಟೇ.

"ಮಗಳಿಗೆ ವರ್ಷ ಹದಿನೈದು, ಫೈಲಿಗೆ ಅರವತ್ತಾಯ್ತು, ಅದಕ್ಕೆ ರಿಟೈರ್ಮೆಂಟ್ ಕೊಡು ಮಾರಾಯ್ತಿ" ಎಂದು ನನ್ನ ಯಜಮಾನರು ಹೇಳುತ್ತಿದ್ದರು. ಅವರು ರಬಾಳೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಉಡುಪಿಯ ಹೋಟೆಲಿನವರ ಮನೆಯಲ್ಲಿ ಹುಟ್ಟಿದವರಾದ್ದರಿಂದ ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಅವರೇ ಯಜಮಾನರು. ಶನಿವಾರವೇ ಹಿಟ್ಟು ರುಬ್ಬಿಟ್ಟು, ಬೆಳಿಗ್ಗೆ ಬನಿಯನ್ನಿನಲ್ಲಿ ನಿಂತು ಒಂದೊಂದೇ ದೋಸೆ ಎಬ್ಬಿಸುತ್ತಿದ್ದರು. ಆದರೆ ಆ ದೋಸೆಯನ್ನು ನಾನೂ ಮಗಳೂ ತಟ್ಟೆಯಲ್ಲಿ ಹಾಕಿಕೊಂಡು ತಿಂದದ್ದು ಕಡಿಮೆ. ಹೆಚ್ಚಿನ ಭಾನುವಾರಗಳಲ್ಲಿ ಅದು ಡಬ್ಬಿಯಲ್ಲಿ ಮಡಚಿಕೊಂಡು ನಮ್ಮ ಜೊತೆ ಶಿಬಿರಕ್ಕೆ ಬರುತ್ತಿತ್ತು.

ಪೇಪರಿನ ನಡುವೆ ಸಿಕ್ಕಿಸಿದ ಕರಪತ್ರಗಳನ್ನು ಉಳಿದ ಮನೆಯವರು ಕೊಡವಿ ಎಸೆಯುತ್ತಿದ್ದರೆ ನಾನು ಕೊಡವಿ ಎತ್ತಿಡುತ್ತಿದ್ದೆ. ಠಾಣೆಯಲ್ಲಿ ಕರಿಯರ್ ಮೇಳ, ಕಲ್ಯಾಣದಲ್ಲಿ ಪಾಲಕರಿಗೆ ಮಾರ್ಗದರ್ಶನ, ನೆರೂಳಿನಲ್ಲಿ ವಿಜ್ಞಾನ ಪ್ರದರ್ಶನ, ಎಲ್ಲದಕ್ಕೂ ನಾವು ಹಾಜರು. ಕನ್ನಡ ಸಂಘದವರು ಹತ್ತನೆಯವರಿಗಾಗಿ ಮಾಡಿದ ಕಾರ್ಯಕ್ರಮಕ್ಕೂ ಹೋಗಿದ್ದೆವು. ಅಲ್ಲಿ ದೀಪ ಬೆಳಗಿಸಿ, ಪ್ರಾರ್ಥನೆ ಹಾಡಿಸಿ, ಒಂಬತ್ತು ಮಂದಿ ಗಣ್ಯರಿಗೆ ಶಾಲು ಹೊದಿಸಿ ಮುಗಿಸುವಾಗ ಮಕ್ಕಳಿಗೆ ಉಳಿದದ್ದು ಹತ್ತು ನಿಮಿಷ. ಹೆಚ್ಚಿನ ಮಕ್ಕಳಿಗೆ ಆ ಹತ್ತು ನಿಮಿಷದ ಕನ್ನಡವೂ ತಲೆಯ ಮೇಲಿಂದ ಹೋಯಿತು. ನಾನು ಮಾತ್ರ ಮುಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡೆ. ಎಲ್ಲ ಕಡೆಯೂ ಹಾಗೆಯೇ. ಕೊನೆಗೆ "ಏನಾದರೂ ಪ್ರಶ್ನೆಗಳು?" ಎಂದರೆ ಮೊದಲು ಏಳುವ ಕೈ ನನ್ನದು. ಆಗ ಮಗಳು ತನ್ನ ಚಪ್ಪಲಿಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ನನಗೆ ಹುಚ್ಚು ಎಂದು ಯಾರಾದರೂ ಅಂದುಕೊಂಡರೆ ತಪ್ಪಿಲ್ಲ. ಆದರೆ ನನ್ನೊಳಗೆ ಒಂದು ಹೆದರಿಕೆ ಇತ್ತು. ಪಿಯುಸಿ ಮುಗಿಸಿದಾಗ ಮುಂದೇನು ಓದಬಹುದು ಎಂದು ನನಗೆ ಹೇಳುವವರಿರಲಿಲ್ಲ. ಪಕ್ಕದ ಮನೆಯವಳು ಕಾಮರ್ಸ್ ತೆಗೆದುಕೊಂಡಳೆಂದು ನಾನೂ ತೆಗೆದುಕೊಂಡೆ, ಅವಳಿಗೆ ಮದುವೆಯಾಯಿತೆಂದು ನನಗೂ ಮಾಡಿದರು. ಮುಂಬಯಿಯಂಥ ಊರಿನಲ್ಲಿದ್ದೂ ನನ್ನ ಮಗಳಿಗೆ ಗೊತ್ತಿಲ್ಲದೆ ಯಾವ ಬಾಗಿಲೂ ಮುಚ್ಚಿಹೋಗಬಾರದು ಎಂಬುದೊಂದೇ ನನ್ನ ಹಟ.

ಅವಳು ಒಂಬತ್ತನೆಯಲ್ಲಿದ್ದಾಗ ಠಾಣೆಯಿಂದ ಒಂದು ಕರೆ ಬಂತು. ಅಲ್ಲಿನ ಒಂದು ಸಂಸ್ಥೆಯವರು ಒಂದು ಭಾನುವಾರ ಪಾಲಕರು ಮತ್ತು ಮಕ್ಕಳಿಗೆ ಜೊತೆಯಾಗಿ ಶಿಬಿರ ನಡೆಸಿ, ಕೊನೆಯಲ್ಲಿ ಪರೀಕ್ಷೆ ಮಾಡಿ, ನಲವತ್ತು ಮಕ್ಕಳನ್ನು ಆರಿಸುತ್ತಾರೆ. ಆಯ್ಕೆಯಾದವರಿಗೆ ಎರಡು ವರ್ಷ ಪ್ರತಿ ಭಾನುವಾರ ವಿಜ್ಞಾನದ ವಿಶೇಷ ತರಗತಿ. ಒಂಬತ್ತು ಗಂಟೆಗೆ ಬಾಗಿಲು ಹಾಕುತ್ತಾರೆ, ತಡವಾದರೆ ಪ್ರವೇಶವಿಲ್ಲ. ನಾನು ಕುಣಿದಾಡಿದೆ. ಮಗಳು "ಟೂ ಇಯರ್ಸ್? ಎವ್ರಿ ಸಂಡೇ?" ಎಂದು ಕೇಳಿದಳು. "ಹೌದು, ಎಂತ ಲಕ್ಕು ನೋಡು" ಎಂದೆ. ಅವಳು ಮತ್ತೇನೂ ಹೇಳಲಿಲ್ಲ. ಹೇಳದಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆ ದಿನ ಅವಳು ದಾರಿಯುದ್ದಕ್ಕೂ ಕೂತು ಓದಬೇಕು ಎಂಬುದು ನನ್ನ ಯೋಜನೆ. ಡೊಂಬಿವಲಿಯಲ್ಲಿ ಠಾಣೆ ಕಡೆಯ ಲೋಕಲ್ ಹತ್ತಿ ಸೀಟು ಸಿಗುವುದೆಂದರೆ ಭಾನುವಾರವೂ ಕನಸಿನ ಮಾತು. ಅದಕ್ಕೆ ಈ ಊರಿನವರೆಲ್ಲ ಮಾಡುವ ಉಪಾಯ ಒಂದೇ, ಉಲ್ಟಾ ಹೋಗುವುದು. ಕಲ್ಯಾಣಕ್ಕೆ ಹೋಗುವ ಖಾಲಿ ಗಾಡಿ ಹತ್ತಿ, ಸೀಟು ಹಿಡಿದು, ಅದು ಕಲ್ಯಾಣ ಮುಟ್ಟಿ ತಿರುಗಿ ಹೊರಡುವವರೆಗೆ ಅಲ್ಲಾಡದೆ ಕೂರುವುದು. ಯಜಮಾನರು ದಿನಾ ಏಳೂ ಹದಿನೇಳರ ಗಾಡಿಯಲ್ಲಿ ಹೀಗೇ ಮಾಡುತ್ತಿದ್ದರು. ಮುಂದಕ್ಕೆ ಹೋಗಲು ಮೊದಲು ಹಿಂದಕ್ಕೆ ಹೋಗುವ ಈ ಬುದ್ಧಿಯ ಬಗ್ಗೆ ನಮಗೆಲ್ಲ ತುಸು ಹೆಮ್ಮೆಯೂ ಇತ್ತು.

ಏಳೂ ಹದಿನೇಳಕ್ಕೆ ಸರಿಯಾಗಿ ಗಾಡಿ ಬಂತು. ಹೆಂಗಸರ ಬೋಗಿಯಲ್ಲಿ ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಮಗಳನ್ನು ಕೂರಿಸಿ, ಪಕ್ಕದಲ್ಲಿ ನಾನು ಕೂತು, ಫೈಲು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳಲು ಶುರುಮಾಡಿದೆ. ಕಲ್ಯಾಣದಲ್ಲಿ ಹೆಂಗಸರು ಹೂವಿನ ಬುಟ್ಟಿ, ತೆಂಗಿನಕಾಯಿ, ಗರಿಕೆ ಹಿಡಿದುಕೊಂಡು ಹತ್ತಿದರು. ಭಾನುವಾರವಲ್ಲವೇ, ಯಾವುದೋ ದೇವಸ್ಥಾನಕ್ಕೆ ಹೊರಟಿರಬೇಕು ಎಂದುಕೊಂಡೆ. ಗಾಡಿ ಹೊರಟಿತು. ಯಾವ ದಿಕ್ಕಿಗೆ ಹೊರಟಿತೆಂದು ನೋಡಲು ನನಗೆ ಪುರುಸೊತ್ತಿರಲಿಲ್ಲ, ಆಮ್ಲ ಮತ್ತು ಪ್ರತ್ಯಾಮ್ಲಗಳ ನಡುವೆ ಇದ್ದೆ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ನೀರು ಕಂಡಿತು. "ಮುಂಬ್ರಾ ಖಾಡಿಯ ನೀರು ಬಂತು, ಠಾಣೆ ಹತ್ತಿರವಾಯ್ತು, ಇನ್ನು ಒಂದೇ ಪಾಠ" ಎಂದೆ. ಮಗಳು ನೀರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು.

ಎದುರು ಕೂತಿದ್ದ ಮರಾಠಿ ಅಜ್ಜಿ ಇಷ್ಟು ಹೊತ್ತೂ ನಮ್ಮನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. "ಪರೀಕ್ಷೆಗೆ ಮೊದಲು ಬಪ್ಪಾನ ದರ್ಶನ, ಒಳ್ಳೇದಾಯ್ತು" ಎಂದು ಮರಾಠಿಯಲ್ಲಿ ಹೇಳಿ, ನನ್ನ ಕೈಗೆ ಒಂದು ದಾಸವಾಳ ಕೊಟ್ಟರು. ನಾನು ಹೂ ತೆಗೆದುಕೊಂಡು, ಯಾವ ಬಪ್ಪಾ ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ತೋರಿಸಿದರು. ಗಾಡಿ ನಿಲ್ಲುತ್ತಿತ್ತು. ಫಲಕದ ಮೇಲೆ ದೊಡ್ಡದಾಗಿ ಟಿಟ್ವಾಳಾ ಎಂದು ಬರೆದಿತ್ತು. ಠಾಣೆಗೆ ಬೆನ್ನು ಹಾಕಿ, ಕಲ್ಯಾಣವನ್ನೂ ದಾಟಿ ನಾವು ಗಣಪತಿಯ ಊರಿಗೆ ಬಂದಿದ್ದೆವು.

ಭಾನುವಾರದ ಟೈಮ್‌ಟೇಬಲ್ ಬೇರೆ. ವಾರದ ದಿನಗಳಲ್ಲಿ ಕಲ್ಯಾಣದಲ್ಲಿ ತಿರುಗುವ ಗಾಡಿಯ ಹೊತ್ತಿಗೆ ಭಾನುವಾರ ಟಿಟ್ವಾಳಾದ್ದು ಬರುತ್ತದೆ. ಇದು ಗಣಪತಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ವಾಪಸು ಗಾಡಿಗೆ ಇನ್ನೂ ಹೊತ್ತಿತ್ತು. ಹೇಗೆ ಲೆಕ್ಕ ಹಾಕಿದರೂ ಒಂಬತ್ತಕ್ಕೆ ಮೊದಲು ಆ ಬಾಗಿಲಿಗೆ ಮುಟ್ಟುವ ಹಾಗಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ದಾಸವಾಳ ಹಿಡಿದು ಕೂತೆ. ಅಳು ಬಂತು. ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಮಗಳ ಎದುರಿನ ಒಂದು ಬಾಗಿಲು ನನ್ನ ಕೈಯಿಂದಲೇ ಮುಚ್ಚಿತಲ್ಲ, ಅದೂ ಒಂದು ಸೀಟಿನ ಆಸೆಗೆ.

ಮಗಳು ಪಕ್ಕದಲ್ಲಿ ಕೂತು ಡಬ್ಬಿ ತೆಗೆದಳು. "ಅಮ್ಮ, ದೋಸೆ ತಿನ್ನು" ಎಂದಳು. ಇಲ್ಲಿ ಹುಟ್ಟಿದ ಅವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವಳು. ನನ್ನಿಂದ ಏನಾದರೂ ಆಗಬೇಕಿದ್ದರೆ ಮಾತ್ರ ಅವಳಿಗೆ ಒಳ್ಳೆಯ ಕನ್ನಡ ಬರುತ್ತಿತ್ತು. ಹಾಗಾಗಿ ನಾನು ಅಳು ನಿಲ್ಲಿಸಿ ಅವಳ ಮುಖ ನೋಡಿದೆ.

"ನಂಗೆ ಗೊತ್ತಿತ್ತು" ಎಂದಳು. "ಇಂಡಿಕೇಟರ್ ಪೆ ಲಿಖಾ ಥಾ."

ಅವಳು ಗಣಿತದ ಕ್ಲಾಸಿಗೆ ವಾರಕ್ಕೆ ಮೂರು ದಿನ ಕಲ್ಯಾಣಕ್ಕೆ ಹೋಗುವವಳು. ಗಾಡಿ ಎಲ್ಲಿಗೆ ಹೋಗುತ್ತದೆಂದು ಬರೆದು ಸ್ಟೇಷನ್ನಿನಲ್ಲಿ ತೂಗುವ ಆ ಬೋರ್ಡು ಓದಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಸಿಟ್ಟು ನೆತ್ತಿಗೇರಿತ್ತು.

ಅವಳು ದೋಸೆಯ ತುಂಡನ್ನು ಚಟ್ನಿಯಲ್ಲಿ ಅದ್ದುತ್ತಾ ಕೂತಳು. "ಡೊಂಬಿವಲಿಯಲ್ಲಿ ಹೇಳುವ ಅಂತ ಇದ್ದೆ. ನಿಂಗೆ ವಿಂಡೋ ಸೀಟ್ ಸಿಕ್ಕಿ ಅಷ್ಟು ಖುಷಿ ಆಗಿತ್ತು. ಕಲ್ಯಾಣದಲ್ಲಿ ಹೇಳುವ ಅಂತ ಇದ್ದೆ. ಆಮೇಲೆ ಟೂ ಇಯರ್ಸ್ ಅಂತ ನೆನಪಾಯ್ತು." ತುಂಡನ್ನು ಬಾಯಿಗಿಟ್ಟು ಮತ್ತೆ ಹೇಳಿದಳು, "ಅಮ್ಮ, ಸಂಡೇ ಅಪ್ಪನ ದೋಸೆ ಬಿಸಿ ಇರುವಾಗ ಹೇಗಿರುತ್ತೆ ಅಂತ ನಂಗೆ ಮರ್ತೇ ಹೋಗಿದೆ."

ಸಿಟ್ಟು ಇತ್ತು, ನಗುವೂ ಬರುತ್ತಿತ್ತು, ಎರಡರ ಅಡಿಯಲ್ಲಿ ಬೇಸರವೂ ಇತ್ತು. ನೆನಪಿನ ಶಕ್ತಿಯ ಶಿಬಿರಕ್ಕೆ ನಾನೇ ಕಳಿಸಿದ ಹುಡುಗಿ ಮರೆತದ್ದು ನೀರಿನ ಬಾಟಲಿಯನ್ನು, ಮತ್ತೆ ಇದನ್ನು. ಬಂದದ್ದಾಯಿತು ಎಂದು ದೇವಸ್ಥಾನಕ್ಕೆ ನಡೆದೆವು, ಅಜ್ಜಿಯ ದಾಸವಾಳವನ್ನು ಅರ್ಪಿಸಿದೆವು, ಕೆರೆಯ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿಂದೆವು. ತರಗತಿಯ ಗೆಳತಿಯೊಬ್ಬಳು ಟೀಚರರ ನಡಿಗೆಯನ್ನು ಹೇಗೆ ಅನುಕರಿಸುತ್ತಾಳೆಂದು ಮಗಳು ನಡೆದು ತೋರಿಸಿದಳು. ನಾನು ನಕ್ಕು ಸುಸ್ತಾದೆ. ಇವಳು ಇಷ್ಟು ಮಾತಾಡುತ್ತಾಳೆಂದು ನಾಯಕತ್ವದ ಶಿಬಿರದವರಿಗೂ ಗೊತ್ತಾಗಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ. ಸಂಜೆ ಮನೆಗೆ ಬಂದು, ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಆ ಸಂಸ್ಥೆಗೆ ಫೋನು ಮಾಡಿದೆ. "ಚಿಂತೆ ಬೇಡ, ತುಂಬಾ ಜನ ಹೆಸರು ಕೊಟ್ಟಿದ್ದಾರೆ, ಮುಂದಿನ ಭಾನುವಾರ ಎರಡನೇ ಬ್ಯಾಚ್ ಉಂಟು, ಅದೇ ಒಂಬತ್ತು ಗಂಟೆ" ಎಂದರು. ಎರಡನೇ ಬ್ಯಾಚಾ, ಒಂಬತ್ತು ಗಂಟೆಯಾ ಎಂದು ನಾನು ಎರಡೆರಡು ಸಲ ಗಟ್ಟಿಯಾಗಿ ಕೇಳಿ ಫೋನಿಡುವಾಗ ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತ್ತು. ಬಾಗಿಲು ಮುಚ್ಚಿರಲಿಲ್ಲ. ಅದನ್ನು ಮಗಳಿಗೆ ಹೇಳಬೇಕೋ ಬೇಡವೋ ಎಂಬುದಷ್ಟೇ ಉಳಿದಿತ್ತು.

ಸೋಮವಾರ ಹೇಳೋಣ ಎಂದುಕೊಂಡೆ. ಬುಧವಾರ ಹೇಳೋಣ ಎಂದುಕೊಂಡೆ. ಶುಕ್ರವಾರ ಅವಳೇ "ಅಮ್ಮ, ಈ ಸಂಡೇ ಎಂತ ಉಂಟು?" ಎಂದು ಕೇಳಿದಳು. "ಎಂತದೂ ಇಲ್ಲ" ಎಂದುಬಿಟ್ಟೆ. ಅವಳ ಮುಖ ನೋಡಲಾಗದೆ ಹಳೆಯ ಕರಪತ್ರವೊಂದನ್ನು ಎತ್ತಿಕೊಂಡು ಓದತೊಡಗಿದೆ. ಬೋರ್ಡು ಓದಿಯೂ ಸುಮ್ಮನಿದ್ದ ಅವಳಿಗೂ ಆ ದಿನ ಹೀಗೇ ಆಗಿರಬೇಕು.

ಭಾನುವಾರ ಅವಳು ಏಳಲಿಲ್ಲ. ಏಳು ಗಂಟೆಗೆ ಒಮ್ಮೆ, ಏಳೂವರೆಗೆ ಒಮ್ಮೆ ಫೈಲು ಹಿಡಿದು ಅವಳ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಎಂಟರ ಮೇಲೆ ಹೋಗಿ ಪ್ರಯೋಜನವಿರಲಿಲ್ಲ. ಯಜಮಾನರು ನನ್ನ ಓಡಾಟ ನೋಡುತ್ತಲೇ ಕಾವಲಿ ಒಲೆಯ ಮೇಲಿಟ್ಟರು.

ಹತ್ತೂವರೆಗೆ ಮಗಳು ಕಣ್ಣುಜ್ಜುತ್ತಾ ಅಡುಗೆಮನೆಗೆ ಬಂದಳು. ಅಪ್ಪ ತಟ್ಟೆಗೆ ಹಾಕಿದ ದೋಸೆಯನ್ನು ಹಬೆಯಾಡುತ್ತಿದ್ದಂತೆಯೇ ಮುರಿದು ಬಾಯಿಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಒಳ್ಳೆಯ ಕನ್ನಡದಲ್ಲಿ ಕೇಳಿದಳು: "ಅಮ್ಮ, ಆ ಎರಡನೇ ಬ್ಯಾಚ್ ಆಗಲೇ ಶುರುವಾಗಿರಬೇಕಲ್ವಾ?"