ನೀರುನಾಯಿಗಳ ಬಿಲ ಕಾಯುವ ಕೊಟ್ರಬಸಮ್ಮ

ಕಂಪ್ಲಿ ಕೋಟೆಯ ಹೊಳೆದಂಡೆಯಲ್ಲಿ ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕೊಟ್ರಬಸಮ್ಮ ಮೊಣಕಾಲುದ್ದ ನೀರಿಗಿಳಿದು ಕೊಕ್ಕೆಕೋಲಿನಿಂದ ಒಂದು ಪಂಚೆ ಎಳೆಯುತ್ತಾರೆ, ದಾರಿಯತ್ತ ನೋಡುತ್ತಾರೆ. ಸೀರೆ ಎಳೆಯುತ್ತಾರೆ, ಮತ್ತೆ ನೋಡುತ್ತಾರೆ. ಇವತ್ತು ಜೆಸಿಬಿ ಬರುವ ದಿನ.

ಮಿಂದ ಭಕ್ತರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುವುದು ಇಲ್ಲಿಯ ಪದ್ಧತಿ. ಪಾಪ ಹೋಗುತ್ತದಂತೆ, ಬಟ್ಟೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ದಿನಕ್ಕೆ ನಲವತ್ತು, ಅಮಾವಾಸ್ಯೆಗೆ ಮುನ್ನೂರು. ಇಂಥ ಬಟ್ಟೆಯಲ್ಲಿ ಸಿಕ್ಕಿಕೊಂಡು ನೀರುನಾಯಿ ಮರಿಯೊಂದು ಸತ್ತದ್ದನ್ನು ಕಂಡಾಗಿನಿಂದ, ಈಗ ಹನ್ನೊಂದು ವರ್ಷ, ತಮ್ಮ ತೆಂಗಿನಕಾಯಿ ಅಂಗಡಿ ತೆರೆಯುವ ಮುನ್ನ ಅವರಿಗೆ ಇದೇ ಕೆಲಸ. ಮಾಡೆಂದು ಹೇಳಿದವರಿಲ್ಲ, ಮಾಡಿದ್ದನ್ನು ಕೇಳಿದವರೂ ಇಲ್ಲ.

ಒಮ್ಮೆ ಅವರೇ ಎಡವಿದ್ದೂ ಉಂಟು. "ದಂಡಿ ಸ್ವಚ್ಛ ಕಾಣ್ಲಿ ಅಂತ ಜೊಂಡುಹುಲ್ಲೆಲ್ಲಾ ಕೊಯ್ದು ಹಾಕಿದ್ನಿರಿ. ಮಂದಿ ಭಾಳ ಹೊಗಳಿದ್ರು. ಮರುವಾರ ನೋಡ್ತೀನಿ, ಒಂದ್ ನೀರುನಾಯಿನೂ ಇಲ್ಲ! ಎರಡು ವರ್ಷ ಬರಲೇ ಇಲ್ಲ. ಅವುಕ್ಕ ಅಡಗಾಕ ಜಾಗಾನ ಇಲ್ಲದಂಗ ಮಾಡಿದ್ನಿರಿ."

ಹುಲ್ಲು ಬೆಳೆದ ಮೇಲೆ ಮರಳಿದ ಜೋಡಿಯೊಂದು ಈಗ ಬಂಡೆಯಡಿಯ ಬಿಲದಲ್ಲಿ ಮರಿ ಹಾಕಿದೆ. ಭಕ್ತರ ಅನುಕೂಲಕ್ಕೆ ಕಟ್ಟಲಿರುವ ಹೊಸ ಮೆಟ್ಟಿಲುಗಳಿಗೆ ಅಗೆಯಲು ಎಳೆದ ಸುಣ್ಣದ ಗೆರೆ ನೇರ ಆ ಬಂಡೆಯ ಮೇಲೇ ಹಾದಿದೆ. ಮೆಟ್ಟಿಲೇ ಬೇಡವೆನ್ನಲು ಇವರಿಗೆ ಬಾಯಿ ಬರುವುದಿಲ್ಲ. ಜಾರುವ ಮುದುಕಿಯರನ್ನು ರಟ್ಟೆ ಹಿಡಿದು ಹೊಳೆಗೆ ಇಳಿಸುವವರೂ ಇವರೇ.

ಏಳಕ್ಕೆ ಜೆಸಿಬಿ ಬರುತ್ತದೆ. ಹಿಂದೆಯೇ ಎಂಜಿನಿಯರ್ ಮಾಧವಿ. ಕೊಟ್ರಬಸಮ್ಮ ಅವರನ್ನು ಬಂಡೆಯ ಬಳಿ ಕರೆದೊಯ್ದು, ಹಸಿ ಮರಳಲ್ಲಿ ಮೂಡಿದ ಪುಟ್ಟ ಹೆಜ್ಜೆಗಳನ್ನು ತೋರಿಸುತ್ತಾರೆ. ಮಾಧವಿ ಕೂತು ನೋಡುತ್ತಾರೆ, ಎದ್ದು ಸುಣ್ಣದ ಗೆರೆಯತ್ತ ತಿರುಗುತ್ತಾರೆ.

"ಗೆರಿ ಸರಿಸೋದು ನನ್ನ ಕೈಯಾಗ ಐತಮ್ಮಾ. ಆದ್ರ ಎಲ್ಲಿಗೆ ಸರಿಸ್ಲಿ? ಆ ಕಡೆ ಆಳ ಮಡುವು. ಈ ಕಡೆ ನಿಮ್ಮ ಅಂಗಡಿನ ಐತಲ್ಲ."

ಇಪ್ಪತ್ತು ವರ್ಷ ಅನ್ನ ಹಾಕಿದ ತಗಡಿನ ಅಂಗಡಿ ಅದು. ದಂಡೆಯ ಮೇಲೆ ಇನ್ನೊಂದು ಜಾಗ ಕೊಡುತ್ತೇವೆಂದು ಯಾರೂ ಹೇಳಿಲ್ಲ. ಕೊಟ್ರಬಸಮ್ಮ ಒಂದು ಸಲ ಅಂಗಡಿ ನೋಡುತ್ತಾರೆ, ಒಂದು ಸಲ ಬಂಡೆ.

"ಅಂಗಡಿ ಬಿಚ್ಚಿದ್ರ ಇನ್ನೊಂದ್ ಕಡೆ ಕಟ್ಟಬಹುದ್ರಿ ಮೇಡಂ. ಆ ಬಿಲ ಬಿಚ್ಚಿ ಕಟ್ಟಾಕ ಬರ್ತೈತೇನ್ರಿ? ಈ ಕಡೆನ ಎಳೀರಿ ಗೆರಿ. ಒಂದರ್ಧ ತಾಸು ಕೊಡ್ರಿ, ಕಾಯಿ ಎತ್ತಿಟ್ಕಂತೀನಿ."