ದೇವರ ಪತ್ರಿಕೆಯ ಮೇಲಿನ ಮುಖ

ದೆವ್ವ-ಗಿವ್ವ ಎಂದವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವನು ನಾನು. ಈಗ ನಂಬುತ್ತೇನೆ ಎಂದೇನೂ ಅಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಿಪ್ಪಾಣಿಯಲ್ಲಿ ನನ್ನದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಬೀಡಿ ಲೇಬಲ್ಲು, ಬಟ್ಟೆ ಚೀಲ, ಲಗ್ನಪತ್ರಿಕೆ ನಮ್ಮ ಕೆಲಸ. ಹನ್ನೊಂದು ವರ್ಷ ನನ್ನೊಡನೆ ದುಡಿದವನು ಅಪ್ಪಾಸಾಬ. ಅಂಗಡಿಯ ಎರಡನೇ ಕೀಲಿ ಅವನ ಹತ್ತಿರವೇ ಇರುತ್ತಿತ್ತು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನನ್ನ ತಂಗಿಯ ಲಗ್ನ ಗೊತ್ತಾಗಿತ್ತು. ಆ ವಾರವೇ ಚಿಕ್ಕೋಡಿಯ ಡ್ರಾಯಿಂಗ್ ಮಾಸ್ತರರೊಬ್ಬರು ಒಂದು ಪೋಸ್ಟರ್ ಮಾಡಿಸಲು ಬಂದರು. ಹಣೆಗೆ ಹೊಲಿಗೆ ಹಾಕಿದ, ಇಂಗ್ಲಿಷ್ ಕತೆಯಲ್ಲಿ ಹೆಣದ ತುಂಡುಗಳಿಂದ ಮಾಡಿದ ಆ ಹೆಸರಾಂತ ರಾಕ್ಷಸನ ಮುಖ. ಅದೇ ಮುಖ ನಾಲ್ಕು ಸಲ, ಹಸಿರು, ಗುಲಾಬಿ, ಹಳದಿ, ನೀಲಿಯಲ್ಲಿ. “ಇದಕ್ಕ ಪಾಪ್ ಆರ್ಟ್ ಅಂತಾರ್ರಿ” ಎಂದರು.

ಅಪ್ಪಾಸಾಬನಿಗೆ ಅದು ಸರಿಬರಲಿಲ್ಲ. “ಅಣ್ಣಾ, ಮನ್ಯಾಗ ಲಗ್ನ ಐತಿ. ಈ ಮಾರಿ ಈಗ ಬ್ಯಾಡ” ಎಂದ.

“ಕಾಗದದಾಗಿನ ರಾಕ್ಷಸ ಯಾರ ಕುತ್ತಿಗಿ ಹಿಡಿತಾನಲೇ?” ಎಂದು ನಾನು ನಕ್ಕೆ.

ಪೋಸ್ಟರ್ ಮುಗಿಯಿತು. ತಂಗಿಯ ಲಗ್ನಪತ್ರಿಕೆಗೆ ಚೌಕಟ್ಟಿನ ಮೇಲೆ, ಬಣ್ಣ ಸೋಸಿ ಇಳಿಯುವ ಸ್ಕ್ರೀನ್ ಬಟ್ಟೆಯನ್ನು ಹೊಸದಾಗಿ ಬಿಗಿ ಎಂದು ಅಪ್ಪಾಸಾಬನಿಗೆ ಹೇಳಿ ನಾನು ಸಂಕೇಶ್ವರಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ಅವನು ಎಲ್ಲ ಪತ್ರಿಕೆಗಳನ್ನೂ ಅಚ್ಚು ಹಾಕಿದ್ದ. ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ. ಮನೆಯಲ್ಲಿ ಅದರ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಲು ಕೂತ ಅವ್ವ ಕೈ ತಡೆದಳು. “ಇದ್ಯಾರ ಮಾರಿ?” ಎಂದಳು. ಗಣಪತಿಯ ಕೆಳಗೆ ಮಸುಕಾಗಿ ಅದೇ ಹೊಲಿದ ಹಣೆ, ಒಂದು ಕಣ್ಣು. ಅಪಶಕುನ, ಇವೊಂದೂ ಬೇಡ, ಎಲ್ಲವನ್ನೂ ಹೊಸದಾಗಿ ಅಚ್ಚು ಹಾಕು ಎಂದು ಹಟ ಹಿಡಿದಳು.

ಸರಿಯಾಗಿ ತೊಳೆಯದ ಬಟ್ಟೆಯಲ್ಲಿ ಹಿಂದಿನ ಚಿತ್ರದ ಕಲೆ ಉಳಿಯುವುದುಂಟು. ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಗೆ ಹೋಗಿ ಅಪ್ಪಾಸಾಬನನ್ನು ತರಾಟೆಗೆ ತೆಗೆದುಕೊಂಡೆ. “ಹಳೇ ಬಟ್ಟಿ ತೊಳದು ಹಾಕಿ, ಹೊಸಾದು ಅಂತ ನನ್ನ ಕಣ್ಣಿಗೆ ಮಣ್ಣ ಎರಚಾಕತ್ತಿ ಏನು?” ಎಂದೆ.

“ದೇವರಾಣಿ ಹೊಸಾದಣ್ಣಾ. ಬಟ್ಟಿ ಹೊಲಸಿದ್ರ ಎಲ್ಲಾ ಪತ್ರಿಕಿಗೂ ಮೂಡತಿತ್ತು. ಒಂದಕ್ಕಽ ಯಾಕ?”

ಹೌದು, ಉಳಿದವೆಲ್ಲ ಶುಭ್ರವಾಗಿದ್ದವು. ಹಾಗಾದರೆ ಬೇಕೆಂದೇ ಮಾಡಿದ್ದಾನೆ, ನಾನು ನಕ್ಕದ್ದಕ್ಕೆ ಸೇಡು ಎಂದುಕೊಂಡೆ. ಹಾಗೆಂದು ಅವನ ಮುಖಕ್ಕೇ ಹೇಳಿದೆ. ಅವನು ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಬೇರೆ ಚೌಕಟ್ಟು, ಬೇರೆ ಬಟ್ಟೆ ತಂದು ನಾನೇ ಬಿಗಿದೆ. ಅಚ್ಚು ಹಾಕುವ ಮೇಜಿನ ಗಾಜು ಒರೆಸಿದೆ, ಕೆಂಪು ಬಣ್ಣದ ಹೊಸ ಡಬ್ಬಿ ಒಡೆದೆ. ಮಟಮಟ ಮಧ್ಯಾಹ್ನ, ಬಾಗಿಲು ತೆರೆದೇ ಇತ್ತು. ಬಟ್ಟೆಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿ ಎಳೆದು ಮೊದಲ ಪತ್ರಿಕೆ ಎತ್ತಿದೆ. ಗಣಪತಿಯ ಕೆಳಗೆ ಅದೇ ಹಣೆ, ಅದೇ ಕಣ್ಣು. ಎರಡನೆಯದು ಶುಭ್ರ, ಮೂರನೆಯದೂ ಶುಭ್ರ. ಮೊದಲನೆಯದನ್ನು ಬಚ್ಚಿಟ್ಟು, ಎರಡನೆಯದನ್ನೇ ಮೊದಲನೆಯದೆಂದು ಅವ್ವನ ಕೈಗೆ ಕೊಟ್ಟೆ.

ಲಗ್ನ ಚೆನ್ನಾಗಿಯೇ ಆಯಿತು. ತಂಗಿ ಅಥಣಿಯಲ್ಲಿ ಸುಖವಾಗಿದ್ದಾಳೆ. ಅಪ್ಪಾಸಾಬ ಇಚಲಕರಂಜಿಯಲ್ಲಿ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. “ತಂಗಿ ಆರಾಮ ಅದಾಳೇನಣ್ಣಾ?” ಎಂದು ಕೇಳಿದ. ಹೂಂ ಎಂದೆ. ನನ್ನ ಕೈಯಿಂದಲೂ ಆ ಮುಖ ಮೂಡಿದ್ದನ್ನು ಮಾತ್ರ ಹೇಳಲಿಲ್ಲ. ಅವನು ಬಸ್ಸು ಹತ್ತಿದ.

ಆ ಮುಖ ಹೇಗೆ ಬಂತೋ ನನಗಿನ್ನೂ ತಿಳಿದಿಲ್ಲ. ಕೀಲಿಯ ನಕಲು ಮಾಡಿಸಿ, ರಾತ್ರಿ ಬಂದು ಮೇಲಿನ ಕಾಗದಕ್ಕೆ ಅದನ್ನು ಒತ್ತಿಟ್ಟಿದ್ದನೇ ಎಂದು ಒಮ್ಮೊಮ್ಮೆ ಈಗಲೂ ಅವನನ್ನೇ ಸಂಶಯಿಸುತ್ತೇನೆ, ನನಗೇ ನಾಚಿಕೆಯಾಗುತ್ತದೆ. ಕಪಾಟಿನಲ್ಲಿ ಆ ಮುಖವಿರುವ ಎರಡು ಪತ್ರಿಕೆಗಳಿವೆ, ಒಂದು ಅವನು ಅಚ್ಚು ಹಾಕಿದ್ದು, ಇನ್ನೊಂದು ನಾನು ಹಾಕಿದ್ದು. ಅವನು ಕಂಡಿರುವುದು ಒಂದನ್ನು ಮಾತ್ರ.